ಮಾಯಾ ಅವಶೇಷಗಳನ್ನು ಆಕಾಶದ ಜೊತೆಗಿಟ್ಟು ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಮೆಕ್ಸಿಕೋದಲ್ಲಿ ಮಾಯಾ ಜನ ಕಟ್ಟಿದ ಚಿಚೆನ್ ಇಟ್ಸಾಕ್ಕೆ ಹೋಗಿಬಂದವರ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಿಂದೆ ಪಿರಮಿಡ್ಡು, ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಮನೆಮಂದಿ. ಎರಡು ಗಂಟೆ ಸುತ್ತಾಡಿ, ಗೈಡ್ ಹೇಳಿದ್ದನ್ನು ಕೇಳಿ, ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಆ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ, ಅದರ ಎದುರಿನ ದಿಗಂತದಲ್ಲಿ ಯಾವ ದಿನ ಏನು ಮೂಡುತ್ತದೆ ಎಂದು ನೋಡುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಕಟ್ಟಿದವರಿಗೆ ಮುಖ್ಯವಾಗಿದ್ದದ್ದು ಅದೇ.

ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ಗಳ ಪಶ್ಚಿಮ ಭಾಗ, ಇಷ್ಟು ಹರಹಿನಲ್ಲಿ ಮಾಯಾ ಊರುಗಳು ಚದುರಿವೆ. ಅವುಗಳ ಉಚ್ಛ್ರಾಯ ಕಾಲ ಸುಮಾರು ಕ್ರಿ.ಶ. 250ರಿಂದ 900. ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಮುಗಿಸಲು ಹೊರಟರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಎರಡೋ ಮೂರೋ ಜಾಗ ಆರಿಸಿಕೊಳ್ಳಿ, ಪ್ರತಿಯೊಂದಕ್ಕೂ ಒಂದು ಬೆಳಗು ಮತ್ತು ಒಂದು ಸಂಜೆ ಕೊಡಿ. ಅದಕ್ಕೂ ಮುಂಚೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ ಒಂದಿದೆ.

ಹಂತ 1: ನಿಮ್ಮೂರಿನ ಸೂರ್ಯನಿಂದ ಆರಂಭಿಸಿ

ಮಾಯಾ ಆಕಾಶಜ್ಞಾನಕ್ಕೆ ದೂರದರ್ಶಕ ಇರಲಿಲ್ಲ. ದಿಗಂತವೇ ಅವರ ಅಳತೆಗೋಲು. ನಿಮ್ಮ ಮನೆಯ ತಾರಸಿಯಲ್ಲಿ ಪೂರ್ವ ಕಾಣುವ ಒಂದು ಜಾಗ ಗುರುತು ಮಾಡಿಕೊಂಡು, ಪ್ರತಿ ಸಲ ಅಲ್ಲೇ ನಿಂತು, ಸೂರ್ಯ ಯಾವ ಮರದ, ಯಾವ ನೀರಿನ ಟ್ಯಾಂಕಿನ ಪಕ್ಕ ಮೂಡಿದ ಎಂದು ವಾರಕ್ಕೊಮ್ಮೆ ಬರೆದಿಡಿ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಸೂರ್ಯ ದಿಗಂತದ ಮೇಲೆ ಸರಿಯುವುದು ಕಣ್ಣಿಗೇ ಹತ್ತುತ್ತದೆ. ಜೂನ್ 21ರ ಸುಮಾರಿಗೆ ಉತ್ತರದ ತುದಿ, ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ. ತುದಿಯ ಹತ್ತಿರ ಹಲವು ದಿನ ಅಲ್ಲೇ ನಿಂತ ಹಾಗೆ ಕಾಣುತ್ತಾನೆ, ನಡುವಿನ ಭಾಗದಲ್ಲಿ ಬೇಗ ಸರಿಯುತ್ತಾನೆ. ತುದಿಗಳನ್ನು ಬಿಟ್ಟರೆ ದಿಗಂತದ ಪ್ರತಿ ಬಿಂದುವಿನಲ್ಲೂ ಅವನು ವರ್ಷಕ್ಕೆ ಎರಡು ಸಲ ಮೂಡುತ್ತಾನೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಈ ಮಾತು ನೆನಪಿರಲಿ, ಮುಂದೆ ಬಹಳ ಕಡೆ ಬೇಕಾಗುತ್ತದೆ.

ಎರಡನೆಯ ಅಭ್ಯಾಸ ನೆರಳಿನದು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ನಾಡುಗಳಲ್ಲಿ ಮಾತ್ರ ಸೂರ್ಯ ವರ್ಷಕ್ಕೆ ಎರಡು ದಿನ ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕ್ಷಣಕಾಲ ಮಾಯವಾಗುತ್ತದೆ. ಮಾಯಾ ನಾಡೂ ಕರ್ನಾಟಕವೂ ಇದೇ ಪಟ್ಟಿಯಲ್ಲಿವೆ. ಹೊಂಡುರಾಸಿನ ಕೋಪಾನ್ ಇರುವುದು ಹೆಚ್ಚುಕಡಿಮೆ ನಮ್ಮ ಕಾರವಾರದ ಅಕ್ಷಾಂಶದಲ್ಲಿ, ಗ್ವಾಟೆಮಾಲಾದ ಟಿಕಾಲ್ ಇರುವುದು ಕಲಬುರಗಿಯ ಅಕ್ಷಾಂಶದ ಹತ್ತಿರ. ಹಾಗಾಗಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ 12–13ರ ಸುಮಾರಿಗೆ ಕಾರವಾರದಲ್ಲಿ ನೆರಳು ಅಡಗುವಾಗ ಕೋಪಾನಿನ ಶಿಲಾಸ್ತಂಭಗಳ ನೆರಳೂ ಅದೇ ದಿನಗಳಲ್ಲಿ ಅಡಗುತ್ತದೆ. ಬೆಂಗಳೂರಿನವರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು.

ಕೋಪಾನಿನ ಆ ಎರಡು ದಿನಗಳ ನಡುವಿನ ಅಂತರ ಲೆಕ್ಕ ಹಾಕಿ. ಏಪ್ರಿಲ್ 30ರಿಂದ ಆಗಸ್ಟ್ 13ಕ್ಕೆ 105 ದಿನ, ಅಲ್ಲಿಂದ ಮತ್ತೆ ಏಪ್ರಿಲ್ 30ಕ್ಕೆ 260 ದಿನ. ಮಾಯಾ ಪವಿತ್ರ ಪಂಚಾಂಗದ ಉದ್ದವೂ 260 ದಿನವೇ. ಆ ಪಂಚಾಂಗ ಹುಟ್ಟಿದ್ದು ಇದರಿಂದಲೇ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಗ್ವಾಟೆಮಾಲಾದ ಬೆಟ್ಟಸೀಮೆಯ ಹಿರಿಯರನ್ನು ಕೇಳಿದರೆ ತಾಯಿ ಮಗುವನ್ನು ಹೊತ್ತಿರುವ ಅವಧಿ ಅದು ಎನ್ನುತ್ತಾರೆ. ನನಗೆ ಹಿರಿಯರ ಮಾತಿನ ಕಡೆಗೇ ಹೆಚ್ಚು ಒಲವು. ಆದರೂ ಒಂದು ವಿವರಣೆ ನಿಜವಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗಬೇಕಿಲ್ಲ.

ಹಂತ 2: ಪಂಚಾಂಗದ ಲೆಕ್ಕ ಕೈಗೆ ಹತ್ತಿಸಿಕೊಳ್ಳಿ

ಕಾಗದ, ಪೆನ್ಸಿಲ್ ಸಾಕು. ಮಾಯಾ ಜನ ಒಟ್ಟಿಗೆ ಹಲವು ಕಾಲಚಕ್ರಗಳನ್ನು ಉರುಳಿಸುತ್ತಿದ್ದರು. ಪೂಜೆ, ಭವಿಷ್ಯ, ಮಗುವಿನ ಹೆಸರು, ಇವೆಲ್ಲಕ್ಕೆ 260 ದಿನಗಳ ತ್ಸೋಲ್ಕಿನ್. ಅದು 13 ಅಂಕಿ ಮತ್ತು 20 ದಿನನಾಮಗಳ ಜೋಡಣೆ. ಇನ್ನೊಂದು 365 ದಿನಗಳ ಹಾಬ್, ಅಂದರೆ 20 ದಿನಗಳ 18 ತಿಂಗಳು, ಜೊತೆಗೆ ಅಶುಭವೆಂದು ಎಣಿಸಿದ ಕೊನೆಯ 5 ದಿನ. ಇವೆರಡೂ ಹೊರಟ ಜಾಗಕ್ಕೆ ಒಟ್ಟಿಗೆ ಮರಳಲು 18,980 ದಿನ, ಸುಮಾರು 52 ವರ್ಷ ಬೇಕು.

ಶಿಲಾಸ್ತಂಭಗಳ ಮೇಲೆ ಕಾಣುವುದು ಮೂರನೆಯದು, ದೀರ್ಘ ಗಣನೆ. ದಿನಕ್ಕೆ ಕಿನ್, 20 ದಿನಕ್ಕೆ ವಿನಾಲ್, 360ಕ್ಕೆ ತುನ್, 7,200ಕ್ಕೆ ಕಾತುನ್, 1,44,000ಕ್ಕೆ ಬಕ್ತುನ್. ಚುಕ್ಕೆ ಎಂದರೆ ಒಂದು, ಅಡ್ಡಪಟ್ಟಿ ಎಂದರೆ ಐದು, ಚಿಪ್ಪಿನಂಥ ಗುರುತು ಸೊನ್ನೆ. ಟಿಕಾಲಿನ 29ನೇ ಶಿಲಾಸ್ತಂಭದ ಮೇಲೆ 8.12.14.8.15 ಎಂದಿದೆ, ಅಂದರೆ 8 ಬಕ್ತುನ್, 12 ಕಾತುನ್, 14 ತುನ್, 8 ವಿನಾಲ್, 15 ಕಿನ್. ಗುಣಿಸಿ ಕೂಡಿದರೆ 12,43,615 ದಿನ. ಗಣನೆ ಆರಂಭವಾಗುವ ಕ್ರಿ.ಪೂ. 3114ರ ಆಗಸ್ಟಿನಿಂದ ಅಷ್ಟು ದಿನ ಮುಂದೆ ಎಣಿಸಿದರೆ ಕ್ರಿ.ಶ. 292ಕ್ಕೆ ಬರುತ್ತೀರಿ. ಒಂದು ಸಲ ನೀವೇ ಇದನ್ನು ಮಾಡಿ ನೋಡಿ. ಆಮೇಲೆ ಯಾವ ಶಿಲಾಸ್ತಂಭದ ಮುಂದೆ ನಿಂತರೂ ಎಡಮಗ್ಗುಲ ಸಾಲಿನ ಚುಕ್ಕೆ ಪಟ್ಟಿಗಳನ್ನು ಕಣ್ಣು ತಾನಾಗಿ ಹುಡುಕುತ್ತದೆ.

2012ರ ಡಿಸೆಂಬರ್ 21ರಂದು ಈ ಗಣನೆ 13.0.0.0.0 ತಲುಪಿತು. ಲೋಕ ಮುಳುಗುತ್ತದೆಂದು ಟಿವಿಯವರು ಹಬ್ಬಿಸಿದ ಮಾತಿಗೆ ಮಾಯಾ ಶಾಸನಗಳಲ್ಲಿ ಆಧಾರವಿಲ್ಲ. ಮೆಕ್ಸಿಕೋದ ಪಲೆಂಕೆಯ ಶಾಸನವೊಂದು ಕ್ರಿ.ಶ. 4772ರ ತನಕ ಮುಂದಿನ ತೇದಿ ಬರೆದಿಟ್ಟಿದೆ.

ಹಂತ 3: ಯಾವಾಗ, ಎಲ್ಲಿಂದ

ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಋತು, ದಿಗಂತ ಸ್ವಚ್ಛವಾಗಿರುತ್ತದೆ. ಮೇ ತಿಂಗಳಿಂದ ಮಳೆ, ಸೆಕೆ, ಸೊಳ್ಳೆ. ಆಕಾಶದ ದೃಷ್ಟಿಯಿಂದ ಡಿಸೆಂಬರಿನ ಮೂರನೇ ವಾರ ಒಳ್ಳೆಯ ಆಯ್ಕೆ, ಏಕೆಂದರೆ ಸೂರ್ಯ ತುದಿಯಲ್ಲಿ ನಿಂತಿರುವುದರಿಂದ ಒಂದು ಬೆಳಿಗ್ಗೆ ಮೋಡ ಕವಿದರೂ ಮರುದಿನ ಅದೇ ನೋಟ ಸಿಗುತ್ತದೆ. ಹಗಲು ರಾತ್ರಿ ಸಮವಾಗುವ ಮಾರ್ಚಿನ ವಿಷುವದ ದಿನ ಹೆಸರುವಾಸಿಯಾದದ್ದು, ಆದರೆ ಆಗ ಚಿಚೆನ್ ಇಟ್ಸಾದಲ್ಲಿ ಸಾವಿರಗಟ್ಟಲೆ ಜನ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಾನ್‌ಕೂನ್ ಅಥವಾ ಮೆರಿದಾ ವಿಮಾನ ಹತ್ತಿರ. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋ ಬೇರೆ ಪ್ರವಾಸಿ ವೀಸಾ ಕೇಳದ ಪದ್ಧತಿ ಇದೆ. ಇಂಥ ನಿಯಮಗಳು ಬದಲಾಗುತ್ತವೆ, ಟಿಕೆಟ್ ಮಾಡುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ನೋಡಿ. ಮೆಕ್ಸಿಕೋದ ಯುಕಟಾನಿನಲ್ಲಿ ಮೆರಿದಾ ನಗರವನ್ನು ನೆಲೆ ಮಾಡಿಕೊಂಡರೆ ಊಷ್ಮಾಲ್ ಸುಮಾರು 80 ಕಿ.ಮೀ., ಚಿಚೆನ್ ಇಟ್ಸಾ ಸುಮಾರು 120 ಕಿ.ಮೀ. ಟಿಕಾಲಿಗೆ ಗ್ವಾಟೆಮಾಲಾದ ಫ್ಲೋರೆಸ್ ಪಟ್ಟಣ ನೆಲೆ, ಅಲ್ಲಿಂದ ಸುಮಾರು 65 ಕಿ.ಮೀ.

ಚೀಲದಲ್ಲಿ ದಿಕ್ಸೂಚಿ, ಟಾರ್ಚು, ನೀರು, ಟೋಪಿ, ತುಂಬುತೋಳಿನ ಅಂಗಿ ಇರಲಿ. ಕಾಡಿನ ತಾಣಗಳಲ್ಲಿ ಉಣುಗಿನ ಕಾಟವಿದೆ, ಕಾಲ್ಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ. ಫೋನಿನಲ್ಲಿ ಸೂರ್ಯ ಮತ್ತು ಗ್ರಹಗಳ ಸ್ಥಾನ ತೋರಿಸುವ ಸ್ಟೆಲೇರಿಯಂ ಥರದ ಆ್ಯಪ್ ಮೊದಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ. ಸೂರ್ಯನನ್ನು ಬರಿಗಣ್ಣಿಂದ ದಿಟ್ಟಿಸಬೇಡಿ.

ಒಂದು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಉತ್ತರವನ್ನು ಸೊನ್ನೆ, ಪೂರ್ವವನ್ನು 90 ಡಿಗ್ರಿ ಎಂದು ಎಣಿಸಿದರೆ ಮಾಯಾ ನಾಡಿನಲ್ಲಿ ಸೂರ್ಯ ಮೂಡುವುದು ಸುಮಾರು 65 ಡಿಗ್ರಿಯಿಂದ 115 ಡಿಗ್ರಿಯೊಳಗೆ ಮಾತ್ರ. ಅದರಾಚೆಗೆ ತಿರುಗಿದ ಕಟ್ಟಡ ಸೂರ್ಯೋದಯಕ್ಕಾಗಿ ಕಟ್ಟಿದ್ದಲ್ಲ.

ಹಂತ 4: ವಾಷಕ್ತುನ್, ಮೊದಲ ಪಾಠಶಾಲೆ

ಟಿಕಾಲಿನಿಂದ ಉತ್ತರಕ್ಕೆ 20 ಕಿ.ಮೀ. ಚಿಲ್ಲರೆ ಮಣ್ಣುರಸ್ತೆಯಲ್ಲಿ ಹೋದರೆ ವಾಷಕ್ತುನ್. ಹಳೆಯ ವಿಮಾನಪಟ್ಟಿಯ ಎರಡೂ ಬದಿಗೆ ಹಳ್ಳಿ, ಅದರ ಅಂಚಿನಲ್ಲಿ ಅವಶೇಷಗಳು. ಪ್ರವಾಸಿ ಬಸ್ಸುಗಳು ಇಲ್ಲಿಗೆ ಬರುವುದು ಕಡಿಮೆ. ಆಕಾಶದ ಸಲುವಾಗಿ ಬರುವವರು ಮೊದಲು ಬರಬೇಕಾದದ್ದು ಇಲ್ಲಿಗೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಪುರಾತತ್ವಜ್ಞರು ‘ಇ’ ಗುಂಪು ಎಂದು ಹೆಸರಿಟ್ಟ ಕಟ್ಟಡಗಳಲ್ಲಿ ಪಶ್ಚಿಮಕ್ಕೊಂದು ಪಿರಮಿಡ್ಡು, ಅದರ ಎದುರು ಪೂರ್ವಕ್ಕೆ ಉದ್ದನೆಯ ಜಗಲಿಯ ಮೇಲೆ ಸಾಲಾಗಿ ಮೂರು ಗುಡಿ. 1924ರಲ್ಲಿ ಪುರಾತತ್ವಜ್ಞ ಫ್ರಾನ್ಸ್ ಬ್ಲೋಮ್ ಇದನ್ನು ಗಮನಿಸಿದರು. ಪಿರಮಿಡ್ಡಿನ ಕಡೆಯಿಂದ ನೋಡಿದರೆ ಜೂನ್ ತುದಿಯ ಸೂರ್ಯ ಉತ್ತರದ ಗುಡಿಯ ಬಳಿ, ಡಿಸೆಂಬರ್ ತುದಿಯ ಸೂರ್ಯ ದಕ್ಷಿಣದ ಗುಡಿಯ ಬಳಿ, ವಿಷುವದ ಸೂರ್ಯ ನಡುವಿನ ಗುಡಿಯ ಮೇಲೆ ಮೂಡುತ್ತಾನೆ. ಮನೆಯ ತಾರಸಿಯಲ್ಲಿ ಮರ, ಟ್ಯಾಂಕು ಇಟ್ಟುಕೊಂಡು ನೀವು ಮಾಡಿದ್ದನ್ನೇ ಇವರು ಕಲ್ಲಿನಲ್ಲಿ ಕಟ್ಟಿದ್ದಾರೆ.

ಪಿರಮಿಡ್ಡಿನ ಮುಂದೆ ನಿಂತು ದಿಕ್ಸೂಚಿ ಹಿಡಿದು ಮೂರೂ ಗುಡಿಗಳ ಕೋನ ಬರೆದುಕೊಳ್ಳಿ. ಇಂಥದೇ ವಿನ್ಯಾಸ ಮಾಯಾ ತಗ್ಗುನಾಡಿನ ಹಲವಾರು ಊರುಗಳಲ್ಲಿ ಸಿಕ್ಕಿದೆ, ಎಲ್ಲ ಕಡೆಯೂ ಕೋನಗಳು ಇಷ್ಟು ಒಪ್ಪವಾಗಿಲ್ಲ. ಹಲವು ಕಟ್ಟಡಗಳು ಫೆಬ್ರವರಿ 12 ಮತ್ತು ಅಕ್ಟೋಬರ್ 30ರ ಆಸುಪಾಸಿನ ಸೂರ್ಯೋದಯದ ಕಡೆ ತಿರುಗಿವೆ. ಎರಡರ ನಡುವೆ ಎಷ್ಟು ದಿನ? ಮತ್ತೆ 260. ಬಿತ್ತನೆ, ಕೊಯ್ಲು, ಪೂಜೆ ಎಲ್ಲ ಆ ಎಣಿಕೆಯೊಳಗೆ ಕೂರುವಂತೆ ಊರನ್ನೇ ತಿರುಗಿಸಿ ಕಟ್ಟಿದರು ಎಂಬುದು ನನಗೆ ಪಿರಮಿಡ್ಡಿನ ಎತ್ತರಕ್ಕಿಂತ ದೊಡ್ಡ ಸಂಗತಿ.

ಹಂತ 5: ಟಿಕಾಲ್

1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ ಇದು. ನಾಲ್ಕನೇ ಗುಡಿ ಸುಮಾರು 65 ಮೀಟರ್ ಎತ್ತರ. ಪಕ್ಕದ ಮರದ ಮೆಟ್ಟಿಲೇರಿ ಕಾಡಿನ ಮೇಲೆ ಬೆಳಗಾಗುವುದನ್ನು ನೋಡಬಹುದು. ಬೆಳಗಿನ ಜಾವದ ಪ್ರವೇಶಕ್ಕೆ ಬೇರೆ ಟಿಕೆಟ್ಟು ಮತ್ತು ಗೈಡ್ ಬೇಕು. ಮಂಜು ಇದ್ದರೆ ಸೂರ್ಯ ಕಾಣದೇ ಇರಬಹುದು, ಕೂಗುವ ಕಪಿಗಳ ಗರ್ಜನೆ ಮಾತ್ರ ನಿಶ್ಚಿತ.

ಆಮೇಲೆ ಎಲ್ಲರೂ ದೊಡ್ಡ ಅಂಗಳಕ್ಕೆ ಓಡುತ್ತಾರೆ. ನೀವು ಮೊದಲು ಜೋಡಿ ಪಿರಮಿಡ್ಡುಗಳ ‘ಕ್ಯೂ’ ಆವರಣಕ್ಕೆ ಹೋಗಿ. ಪ್ರತಿ ಕಾತುನ್, ಅಂದರೆ 7,200 ದಿನ ಮುಗಿದಾಗ ಇಲ್ಲಿನ ದೊರೆಗಳು ಇಂಥದೊಂದು ಆವರಣ ಕಟ್ಟಿಸುತ್ತಿದ್ದರು. ಇದು ಕ್ರಿ.ಶ. 771ರದು. ಪೂರ್ವ ಪಶ್ಚಿಮಕ್ಕೆ ತಲೆ ಚಪ್ಪಟೆಯಾದ ಎರಡು ಪಿರಮಿಡ್ಡು, ನಾಲ್ಕೂ ಬದಿಗೆ ಮೆಟ್ಟಿಲು. ದಕ್ಷಿಣಕ್ಕೆ ಒಂಬತ್ತು ಬಾಗಿಲಿನ ಕಟ್ಟಡ. ಉತ್ತರಕ್ಕೆ ಮಾಡಿಲ್ಲದ ಗೋಡೆಯ ಆವರಣ, ಅದರೊಳಗೆ ದೊರೆಯ ಶಿಲಾಸ್ತಂಭ ಮತ್ತು ಬಲಿಪೀಠ. ಪೂರ್ವದಿಂದ ಪಶ್ಚಿಮಕ್ಕೆ ಸೂರ್ಯನ ದಾರಿ. ದಕ್ಷಿಣದ ಒಂಬತ್ತು ಬಾಗಿಲು ಪಾತಾಳದ ಒಂಬತ್ತು ನೆಲೆ. ಉತ್ತರ ಎಂದರೆ ಮೇಲಿನ ಲೋಕ, ಅಲ್ಲಿ ಬಯಲಾಕಾಶದ ಕೆಳಗೆ ದೊರೆ. ನಡುವಿನ ಹುಲ್ಲಿನಲ್ಲಿ ನಿಂತು ನಾಲ್ಕೂ ಕಡೆ ಒಂದು ಸುತ್ತು ತಿರುಗಿ. ಇಡೀ ಮಾಯಾ ವಿಶ್ವದ ನಕ್ಷೆ ಅಷ್ಟೇ ಜಾಗದಲ್ಲಿದೆ.

ಹಂತ 6: ಚಿಚೆನ್ ಇಟ್ಸಾ, ನೆರಳಿನಾಚೆಗೂ ನೋಡಿ

ಹತ್ತಿರದ ಪಿಸ್ತೆ ಊರಿನಲ್ಲೋ ವಯ್ಯದೊಲಿದ್ ಪಟ್ಟಣದಲ್ಲೋ ರಾತ್ರಿ ತಂಗಿ, ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವಾಗಲೇ ಒಳಗಿರಿ. ಕಾನ್‌ಕೂನಿನ ಬಸ್ಸುಗಳು ಬರುವ ಹೊತ್ತಿಗೆ ನಿಮ್ಮ ಮುಖ್ಯ ನೋಟ ಮುಗಿದಿರಬೇಕು.

ಕುಕುಲ್ಕಾನ್ ಎಂಬ ಹಾವುದೇವರ ಪಿರಮಿಡ್ಡಿನ ನಾಲ್ಕು ಬದಿಗೆ ತಲಾ 91 ಮೆಟ್ಟಿಲು, ಒಟ್ಟು 364, ಮೇಲಿನ ಜಗಲಿ ಸೇರಿ 365. ಹಂತಗಳು ಒಂಬತ್ತು. ಹತ್ತಲು ಈಗ ಬಿಡುವುದಿಲ್ಲ, ಅದು ಒಳ್ಳೆಯದೇ. ವಿಷುವದ ಸಂಜೆ ಹಂತಗಳ ಅಂಚಿನ ನೆರಳು ಉತ್ತರದ ಮೆಟ್ಟಿಲ ಪಕ್ಕದ ಕೈಪಿಡಿಗೋಡೆಯ ಮೇಲೆ ಬಿದ್ದು ಬೆಳಕಿನ ತ್ರಿಕೋನಗಳ ಸಾಲಾಗುತ್ತದೆ. ಕೆಳಗಿನ ಕಲ್ಲಿನ ಹಾವಿನ ತಲೆಗೆ ಅದು ಕೂಡಿಕೊಂಡಾಗ ಹಾವು ಇಳಿದು ಬಂದಂತೆ ಕಾಣುತ್ತದೆ. ಅದ್ಭುತ ನೋಟವೇ. ಆದರೆ ವಿಷುವದ ಹಿಂದೆ ಮುಂದೆ ಹಲವು ದಿನ ಇದೇ ನೋಟ ಕಾಣುತ್ತದೆ, ಹಾಗಾಗಿ ಅದೊಂದೇ ದಿನಕ್ಕಾಗಿ ಕಟ್ಟಿದರು ಎಂದು ಹೇಳಲು ಸಾಕ್ಷ್ಯ ಸಾಲದು. ನಿಮಗೆ ಇದರಿಂದ ಲಾಭವೇ: ಮೂರು ನಾಲ್ಕು ದಿನ ಮುಂಚೆ ಹೋದರೆ ಜನಜಂಗುಳಿ ಇಲ್ಲದೆ ನೋಡಬಹುದು. ನಮ್ಮ ಬೆಂಗಳೂರಿನ ಗವಿಗಂಗಾಧರೇಶ್ವರನ ಮೇಲೆ ಸಂಕ್ರಾಂತಿಯ ಬಿಸಿಲು ಬೀಳುವುದನ್ನು ಕಂಡವರಿಗೆ, ಬೆಳಕು ಒಳಗೆ ಬರುವ ಕ್ಷಣಕ್ಕೆ ಜನ ಯಾಕೆ ಕಾಯುತ್ತಾರೆ ಎಂದು ಹೇಳಿಕೊಡಬೇಕಾಗಿಲ್ಲ.

ಪಿರಮಿಡ್ಡಿಗಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ದಕ್ಷಿಣಕ್ಕಿರುವ ಎಲ್ ಕಾರಾಕೋಲ್ ಎಂಬ ದುಂಡು ಗೋಪುರಕ್ಕೆ. ಅರ್ಧ ಕುಸಿದಿದೆ. ಮೇಲೆ ಉಳಿದ ಕಿರಿದಾದ ಕಿಂಡಿಗಳ ಮೂಲಕ ಹಾಯುವ ಕೆಲವು ನೋಟದ ಗೆರೆಗಳು ಶುಕ್ರ ಮುಳುಗುವ ಉತ್ತರ ಮತ್ತು ದಕ್ಷಿಣದ ತುದಿಗಳ ಕಡೆ ಹೋಗುತ್ತವೆ. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ಕಿಂಡಿಗಳ ದಿಕ್ಕು ನೋಡಿ. ಜಗಲಿಯ ಮೂಲೆಗಳು ಗೋಪುರದ ಜೊತೆ ಓರೆಯಾಗಿರುವುದನ್ನೂ ಗಮನಿಸಿ.

ಅಲ್ಲಿಂದ ಉತ್ತರಕ್ಕೆ, ಬಿಳಿ ದಾರಿಯಲ್ಲಿ, ಪವಿತ್ರ ಸೆನೋಟೆಗೆ ನಡೆಯಿರಿ. ಸುಣ್ಣಕಲ್ಲು ಕುಸಿದು ತೆರೆದುಕೊಂಡ ಆಳದ ನೀರಿನ ಗುಂಡಿ. ಯುಕಟಾನಿನ ಈ ಉತ್ತರ ಭಾಗದಲ್ಲಿ ಹೊಳೆಗಳಿಲ್ಲ, ನೀರೆಲ್ಲ ನೆಲದಡಿ. ಮಳೆದೇವರು ಚಾಕ್‌ನಿಗೆ ಇಲ್ಲಿ ಜೇಡ್ ಕಲ್ಲು, ಚಿನ್ನ, ಧೂಪ, ಮನುಷ್ಯರನ್ನೂ ಅರ್ಪಿಸುತ್ತಿದ್ದರು. ನೀರು ಪಾತಾಳದ ಬಾಯಿ, ಪಿರಮಿಡ್ಡು ಬೆಟ್ಟ, ಎರಡನ್ನೂ ಜೋಡಿಸುವ ದಾರಿಯಲ್ಲಿ ನೀವು ನಡೆದು ಬಂದಿರುತ್ತೀರಿ.

ಹಂತ 7: ಊಷ್ಮಾಲ್ ಮತ್ತು ಬೆಳ್ಳಿಚುಕ್ಕಿ

ಇಲ್ಲಿನ ಗವರ್ನರ್ ಅರಮನೆ ಪಕ್ಕದ ಕಟ್ಟಡಗಳಿಗಿಂತ ಬೇರೆ ಕೋನಕ್ಕೆ ತಿರುಗಿದೆ. ದಿಕ್ಸೂಚಿ ಇಡಿ: ನಡುಬಾಗಿಲು ನೋಡುವುದು ಸುಮಾರು 118 ಡಿಗ್ರಿ. ಸೂರ್ಯ 115ಕ್ಕೇ ನಿಂತುಬಿಡುತ್ತಾನೆ. ಅದರಾಚೆ ಹೋಗುವ, ಬರಿಗಣ್ಣಿಗೆ ಹೊಳೆಯುವ ಗ್ರಹ ಶುಕ್ರ. ಆಮೇಲೆ ತಲೆಯೆತ್ತಿ ಗೋಡೆಯ ಚಾಕ್ ಮುಖಗಳನ್ನು ನೋಡಿ. ಕೆಲವು ಮುಖಗಳ ಕಣ್ಣಿನ ಕೆಳಗೆ ಶುಕ್ರನ ಚಿಹ್ನೆ ಕೆತ್ತಿದ್ದಾರೆ, ಎಂಟು ಎಂಬ ಅಂಕಿಯೂ ಸಿಗುತ್ತದೆ.

ಎಂಟು ಏಕೆ? ಶುಕ್ರ ಒಂದು ಸುತ್ತು ಮುಗಿಸಿ ಮತ್ತೆ ಬೆಳಗಿನ ಚುಕ್ಕಿಯಾಗಲು ಸುಮಾರು 584 ದಿನ. ಅಂಥ ಐದು ಸುತ್ತು 2,920 ದಿನ, 365 ದಿನಗಳ ಎಂಟು ವರ್ಷವೂ 2,920. ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿರುವ ಮಾಯಾ ಹಸ್ತಪ್ರತಿಯಲ್ಲಿ ಈ ಕೋಷ್ಟಕ ಪೂರ್ತಿ ಇದೆ, ಗ್ರಹಣಗಳ ಕೋಷ್ಟಕವೂ ಇದೆ. 1562ರಲ್ಲಿ ಮನಿ ಎಂಬ ಊರಿನಲ್ಲಿ ಪಾದ್ರಿ ದಿಯೆಗೊ ದೆ ಲಾಂದಾ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಇಂದು ಉಳಿದಿರುವುದು ನಾಲ್ಕೇ. ಆ ನಾಲ್ಕರಲ್ಲೇ ಇಷ್ಟಿದೆ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅರಮನೆಯಿಂದ ಶುಕ್ರ ಮೂಡುವುದನ್ನು ನೋಡುತ್ತಿದ್ದರೋ, ಆಗ್ನೇಯದ ಬಯಲಿನ ಇನ್ನೊಂದು ದಿಬ್ಬದಲ್ಲಿ ನಿಂತು ಅರಮನೆಯ ಮೇಲೆ ಶುಕ್ರ ಮುಳುಗುವುದನ್ನೋ ಎಂದು ವಿದ್ವಾಂಸರಲ್ಲಿ ಚರ್ಚೆಯಿದೆ. ಬೆಳ್ಳಿ ಬೆಳಿಗ್ಗೆ ಮೂಡುವುದನ್ನು ಮಾಯಾ ಜನ ಯುದ್ಧದ, ಅಪಾಯದ ಹೊತ್ತೆಂದು ತಿಳಿದಿದ್ದರು. ನಮ್ಮ ರೈತರು ಬೆಳ್ಳಿ ಮೂಡಿತೆಂದು ಕೆಲಸಕ್ಕೆ ಏಳುವಂಥ ಸಲುಗೆ ಅಲ್ಲಿರಲಿಲ್ಲ.

ಹಂತ 8: ಪಲೆಂಕೆ, ಕೋಪಾನ್ (ಸಮಯವಿದ್ದರೆ)

ಪಲೆಂಕೆಯ ಶಾಸನಗಳ ಗುಡಿಯ ಕೆಳಗೆ, 615ರಿಂದ 683ರವರೆಗೆ ಆಳಿದ ಪಕಾಲ್ ದೊರೆಯ ಸಮಾಧಿಯನ್ನು 1952ರಲ್ಲಿ ಪುರಾತತ್ವಜ್ಞ ಆಲ್ಬೆರ್ತೊ ರೂಸ್ ತೆರೆದರು. ಸಮಾಧಿಯಿಂದ ಮೇಲಿನ ಗುಡಿಗೆ ಕಲ್ಲಿನ ಸಣ್ಣ ಕೊಳವೆಯೊಂದು ಮೆಟ್ಟಿಲ ಪಕ್ಕದಲ್ಲೇ ಏರುತ್ತದೆ, ಸತ್ತ ದೊರೆಯ ಉಸಿರಿಗೆ ಬಿಟ್ಟ ದಾರಿ. ಡಿಸೆಂಬರ್ ತುದಿಯ ಸಂಜೆ ಅರಮನೆಯ ಕಡೆಯಿಂದ ನೋಡಿದರೆ ಸೂರ್ಯ ಈ ಗುಡಿಯ ಹಿಂದಿನ ಗುಡ್ಡಕ್ಕೆ ಇಳಿಯುತ್ತಾನೆ. ಕೋಪಾನಿನಲ್ಲಿ ಹದಿನಾರು ದೊರೆಗಳನ್ನು ಸುತ್ತ ಕೂರಿಸಿದ ‘ಕ್ಯೂ’ ಬಲಿಪೀಠ ಮತ್ತು ಎರಡು ಸಾವಿರಕ್ಕೂ ಹೆಚ್ಚು ಲಿಪಿಚಿಹ್ನೆಗಳ ಮೆಟ್ಟಿಲಸಾಲು ಇವೆ, ಅಂಕಿ ಓದುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 9: ಇಂದಿಗೂ ದಿನ ಎಣಿಸುವವರ ಬಳಿಗೆ

ಮಾಯಾ ಜನ ಕಣ್ಮರೆಯಾದರು ಎಂದು ಬರೆಯುವುದು ತಪ್ಪು. ಸುಮಾರು ಮೂವತ್ತು ಮಾಯಾ ಭಾಷೆಗಳನ್ನು ಲಕ್ಷಾಂತರ ಜನ ಇವತ್ತೂ ಆಡುತ್ತಾರೆ. ಗ್ವಾಟೆಮಾಲಾದ ಬೆಟ್ಟಸೀಮೆಯಲ್ಲಿ 260 ದಿನಗಳ ಎಣಿಕೆ ಇಂದಿಗೂ ನಡೆಯುತ್ತಿದೆ. ಅದನ್ನು ಕಾಯುವ ಪುರೋಹಿತರು, ಗಂಡಸರೂ ಹೆಂಗಸರೂ, ಜನರಿಗೆ ದಿನ ನೋಡಿ ಹೇಳುತ್ತಾರೆ, ಬೆಂಕಿ ಹಾಕಿ ಪ್ರಾರ್ಥಿಸುತ್ತಾರೆ. ಕೆಂಪು ಪೂರ್ವಕ್ಕೆ, ಕಪ್ಪು ಪಶ್ಚಿಮಕ್ಕೆ, ಬಿಳಿ ಉತ್ತರಕ್ಕೆ, ಹಳದಿ ದಕ್ಷಿಣಕ್ಕೆ, ನಡುವಿಗೆ ನೀಲಿ ಅಥವಾ ಹಸಿರು ಮೇಣದಬತ್ತಿ, ಜೊತೆಗೆ ಕೋಪಾಲ್ ಎಂಬ ಮರದ ಅಂಟಿನ ಧೂಪ. ಟಿಕಾಲಿನ ಕ್ಯೂ ಆವರಣದಲ್ಲಿ ಕಲ್ಲಿನಲ್ಲಿ ಕಂಡ ನಾಲ್ಕು ದಿಕ್ಕುಗಳೇ ಇಲ್ಲಿ ಬೆಂಕಿಯ ಸುತ್ತ ಕೂತಿರುತ್ತವೆ. ಟಿಕಾಲಿನ ದೊಡ್ಡ ಅಂಗಳದಲ್ಲೂ ಇಂಥ ಪೂಜೆ ನಡೆಯುತ್ತದೆ.

ಪೂಜೆ ನಡೆಯುತ್ತಿದ್ದರೆ ದೂರ ನಿಲ್ಲಿ, ಕರೆದರೆ ಮಾತ್ರ ಹತ್ತಿರ ಹೋಗಿ. ಫೋಟೋಗೆ ಕೇಳಿ, ಬೇಡವೆಂದರೆ ಫೋನು ಒಳಗಿಡಿ. ಬೆಂಕಿಯ ಜಾಗವನ್ನು ದಾಟಬೇಡಿ, ಬೂದಿಯನ್ನು ಕಾಲಿಂದ ಕೆದಕಬೇಡಿ. ಸೆನೋಟೆಯಲ್ಲಿ ಈಜುವುದಾದರೆ ಮೈಗೆ ಹಚ್ಚಿದ ಕ್ರೀಮು ತೊಳೆದು ಇಳಿಯಿರಿ, ಹಳ್ಳಿಯವರು ಕುಡಿಯುವುದು ಅದೇ ನೆಲದಡಿಯ ನೀರು. ತಾಣಗಳಲ್ಲಿ ‘ಹಳೆಯ ಕಲ್ಲು’ ಎಂದು ಮಾರಲು ಬಂದರೆ ಕೊಳ್ಳಬೇಡಿ. ನಿಜವಾಗಿ ಹಳೆಯದಾಗಿದ್ದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಡ್ರೋನ್ ಹಾರಿಸುವಂತಿಲ್ಲ, ಮೆಕ್ಸಿಕೋದ ತಾಣಗಳಲ್ಲಿ ಟ್ರೈಪಾಡಿಗೂ ಅನುಮತಿ ಬೇಕು.

ಗೈಡ್ ಆರಿಸುವಾಗ ಆ ಊರಿನವರೇ ಆದ, ಮಾಯಾ ಭಾಷೆ ಮನೆಮಾತಾದವರನ್ನು ಕೇಳಿ ಪಡೆಯಿರಿ. ಅವರ ಅಜ್ಜಿ ಮಳೆಗೆ ಏನು ಹರಕೆ ಹೊರುತ್ತಿದ್ದರು, ಮಗು ಹುಟ್ಟಿದಾಗ ದಿನ ಯಾರು ನೋಡಿದರು ಎಂದು ವಿಚಾರಿಸಿ. ಗ್ವಾಟೆಮಾಲಾದ ಮೊಮೊಸ್ತೆನಾಂಗೊ ಊರಿನಲ್ಲಿ ‘ಎಂಟು ಬಾತ್ಸ್’ (ಅಂಕಿ ಎಂಟು, ದಿನನಾಮ ಬಾತ್ಸ್) ಎಂಬ ದಿನ ಹೊಸ ದಿನಗಾರರಿಗೆ, ಅಂದರೆ ದಿನ ಎಣಿಸುವ ಪುರೋಹಿತರಿಗೆ, ದೀಕ್ಷೆ ಕೊಡುವ ದೊಡ್ಡ ಆಚರಣೆಯಿದೆ. ಅದು ಪ್ರತಿ 260 ದಿನಕ್ಕೊಮ್ಮೆ ಬರುವುದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಬೇರೆ ತೇದಿ. ಎರಡನೇ ಹಂತದಲ್ಲಿ ಕಲಿತ ಲೆಕ್ಕದಿಂದ ಮುಂದಿನ ತೇದಿಯನ್ನು ನೀವೇ ಎಣಿಸಿ, ಅಲ್ಲಿಯವರ ಹತ್ತಿರ ತಾಳೆ ನೋಡಿ, ಆಮೇಲೆ ಕೋಣೆ ಕಾಯ್ದಿರಿಸಿ. ಚಿಕ್ಕ ಊರು, ಆ ವಾರ ಕೋಣೆಗಳು ಬೇಗ ತುಂಬುತ್ತವೆ.